ವಸತಿ, ಬಸದಿ, ಉಗ್ರಾಣ: ಬೆಳಗಾವಿ ಕೋಟೆಯ ಕಟ್ಟಡಗಳು ಮರೆತ ದಿನಚರಿ

ಬೆಳಗಾವಿ, ಖಾನಾಪುರಗಳ ಕಡೆ ಆಸ್ಪತ್ರೆಯನ್ನು ದವಾಖಾನೆ ಎಂದೇ ಕರೆಯುವವರು ಇಂದಿಗೂ ಹೆಚ್ಚು. ದವಾ ಎಂದರೆ ಮದ್ದು, ಖಾನೆ ಎಂದರೆ ಮನೆ. ಸಂಸ್ಕೃತದ ದಾರಿಯಿಂದ ಬಂದ ಔಷಧಾಲಯ, ಚಿಕಿತ್ಸಾಲಯಗಳಲ್ಲಿಯೂ ಇರುವುದು ಆಲಯವೇ. ಐರೋಪ್ಯ ಮೂಲದ ಆಸ್ಪತ್ರೆ ಎಂಬ ಪದದ ಲ್ಯಾಟಿನ್ ಬೇರು ಕೂಡ ಅತಿಥಿಯನ್ನೂ ಅವನಿಗೆ ನೀಡುವ ಆಶ್ರಯವನ್ನೂ ಹೇಳುತ್ತದೆ. ಕನ್ನಡದ ಜೈನ ಪರಂಪರೆಯಲ್ಲಿಯೂ ಇದೇ ಬಗೆಯ ಒಂದು ಪದವಿದೆ. ಬಸದಿ ಎಂಬುದು ವಸತಿಯ ತದ್ಭವ. ಮೊದಲ ಅರ್ಥದಲ್ಲಿ ಅದು ವಾಸದ ನೆಲೆ. ಮದ್ದಿನ ಮನೆ, ಓದಿನ ಮನೆ, ಜಿನನ ಮನೆ ಎಲ್ಲವೂ ಭಾಷೆಯಲ್ಲಿ ಮನೆಗಳೇ. ಒಳಗಿರುವವರು ಬದಲಾದರೂ ಗೋಡೆಗಳು ಅವೇ ಆಗಿರಬಹುದು ಎಂಬ ತಿಳಿವಳಿಕೆ ನುಡಿಯಲ್ಲಿ ಹಿಂದಿನಿಂದಲೂ ಇದೆ. ಚಾರಿತ್ರಿಕ ಕಟ್ಟಡಗಳನ್ನು ಕುರಿತ ಬರವಣಿಗೆಯಲ್ಲಿ ಮಾತ್ರ ಅದು ಅಪರೂಪ.

ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟ್ ಇಳಿದರೆ ಪಣಜಿ. ಅಲ್ಲಿ ಮಾಂಡವಿ ನದಿಯ ದಂಡೆಯಲ್ಲಿ ಮಕಿನೇಝ್ ಮನೆತನದ ಅರಮನೆಯಿದೆ. 18ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಈ ಶ್ರೀಮಂತರ ಮನೆ 1842ರಲ್ಲಿ ಪೋರ್ಚುಗೀಸರ ವೈದ್ಯಕೀಯ ಶಾಲೆಗೆ ನೆಲೆಯಾಯಿತು. ಏಷ್ಯಾ ಖಂಡದಲ್ಲಿ ಪಾಶ್ಚಾತ್ಯ ವೈದ್ಯವನ್ನು ಕಲಿಸಿದ ಅತಿ ಹಳೆಯ ಸಂಸ್ಥೆಗಳಲ್ಲಿ ಅದೂ ಒಂದು. ಅಲ್ಲಿ ಕಲಿತವರು ಆಫ್ರಿಕದ ಪೋರ್ಚುಗೀಸ್ ವಸಾಹತುಗಳವರೆಗೆ ಹೋಗಿ ಸೇವೆ ಸಲ್ಲಿಸಿದರು. 1961ರಲ್ಲಿ ಗೋವಾ ವಿಮೋಚನೆಗೊಂಡ ಮೇಲೆ ಆ ಶಾಲೆ ಗೋವಾ ವೈದ್ಯಕೀಯ ಕಾಲೇಜಾಯಿತು, ಮುಂದೆ ಊರ ಹೊರಗಿನ ಬಾಂಬೋಲಿಗೆ ಸ್ಥಳಾಂತರಗೊಂಡಿತು. 2004ರಲ್ಲಿ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಗೋವಾಕ್ಕೆ ಬಂದಾಗ ಈ ಆವರಣವೇ ಅದರ ನೆಲೆಯಾಯಿತು. ಹೀಗೆ ಒಂದೇ ಸ್ಥಳವು ಸಿರಿವಂತರ ವಾಸ, ರೋಗಿಗಳ ಆಶ್ರಯ, ವಿದ್ಯಾರ್ಥಿಗಳ ಪಾಠಶಾಲೆ, ಚಿತ್ರರಸಿಕರ ಜಾತ್ರೆ ಎಲ್ಲವೂ ಆಗಿದೆ. ಗಮನಿಸಬೇಕಾದದ್ದು ಜನರ ಬಾಯಲ್ಲಿ ಉಳಿದ ಹೆಸರು. ಚಲನಚಿತ್ರೋತ್ಸವಕ್ಕೆ ಹೋಗುವವರೂ ಅಲ್ಲಿನ ಕಟ್ಟಡವನ್ನು ‘ಹಳೆಯ ಜಿಎಂಸಿ’ ಎನ್ನುತ್ತಾರೆ. ಪಕ್ಕದಲ್ಲಿ ವಿಜಯಪುರದ ಆದಿಲ್‌ಶಾಹಿಗಳ ಅರಮನೆ; ಅದು 1759ರಿಂದ ಪೋರ್ಚುಗೀಸ್ ವೈಸ್‌ರಾಯರ ನಿವಾಸ, ಆಮೇಲೆ ಸಚಿವಾಲಯ, 2000ದವರೆಗೆ ವಿಧಾನಸಭೆ. ಅದಕ್ಕೂ ‘ಹಳೆಯ ಸೆಕ್ರೆಟೇರಿಯಟ್’ ಎಂಬ ಹೆಸರೇ ನಿಂತಿದೆ. ಕಟ್ಟಡದ ಮೇಲೆ ಬಹುಕಾಲ ಉಳಿಯುವುದು ಕಟ್ಟಿಸಿದವನ ಹೆಸರಲ್ಲ, ಜನರು ಅದನ್ನು ಬಳಸಿದ ರೀತಿ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಘಾಟ್ ಹತ್ತಿ ಬೆಳಗಾವಿಗೆ ಮರಳಿ ಅಲ್ಲಿನ ಕೋಟೆಯನ್ನು ಹೊಕ್ಕರೆ ಬೇರೆಯೇ ಸ್ಥಿತಿ ಕಾಣುತ್ತದೆ. ಕಂದಕ ದಾಟಿ ಒಳಗೆ ಬಂದವರಿಗೆ ಕಮಲ ಬಸದಿ, ಅದರ ಸಮೀಪ ಚಿಕ್ಕಿ ಬಸದಿ, ಇನ್ನೊಂದೆಡೆ ಸಫಾ ಮಸೀದಿ, ಬ್ರಿಟಿಷರ ಕಾಲದ ಬಂಗಲೆಗಳು ಎಲ್ಲವೂ ಸಿಗುತ್ತವೆ. ಆದರೆ ಪ್ರತಿಯೊಂದಕ್ಕೂ ಒಂದೊಂದೇ ತಾರೀಖು. ಕಮಲ ಬಸದಿ ಎಂದರೆ 1204. ಅಲ್ಲಿಗೆ ಮಾತು ಮುಗಿಯುತ್ತದೆ. ಪ್ರವಾಸಿ ಕೈಪಿಡಿಗಳು ಹಾಗೆ ಬರೆದರೆ ತಪ್ಪೆನ್ನಲಾಗದು. ಶಿಲ್ಪ, ಸಾಹಿತ್ಯಗಳ ಅಧ್ಯಯನವೂ ಅದೇ ಜಾಡು ಹಿಡಿದಿರುವುದು ಆಕ್ಷೇಪಾರ್ಹ. ಕಂಬದ ತಿರುವು, ಭುವನೇಶ್ವರಿಯ ಕೆತ್ತನೆ, ದ್ವಾರಬಂಧದ ಶಾಖೆಗಳನ್ನು ವಿವರಿಸಿ, ಅಲ್ಲಿಂದ ಒಂದೇ ಜಿಗಿತದಲ್ಲಿ ಇಂದಿನ ಸಂರಕ್ಷಣೆಗೆ ಬಂದುಬಿಡುವುದು ವಾಡಿಕೆ. ನಡುವಿನ ಎಂಟು ನೂರು ವರ್ಷ ಆ ಕಟ್ಟಡ ಏನು ಮಾಡುತ್ತಿತ್ತು ಎಂದು ಕೇಳುವವರು ವಿರಳ.

1204ರ ಆ ಬಸದಿ ಹೇಗೆ ಬದುಕಬೇಕೆಂದು ಅದನ್ನು ಕಟ್ಟಿಸಿದವರು ಬಯಸಿದ್ದರು? ಇದಕ್ಕೆ ಉತ್ತರ ಕಲ್ಲಿನಲ್ಲಿಯೇ ಇದೆ. ರಟ್ಟರ ನಾಲ್ವಡಿ ಕಾರ್ತವೀರ್ಯನು ತಮ್ಮ ಯುವರಾಜ ಮಲ್ಲಿಕಾರ್ಜುನನೊಡನೆ ವೇಣುಗ್ರಾಮದಿಂದ, ಎಂದರೆ ಇಂದಿನ ಬೆಳಗಾವಿಯಿಂದ, ಆಳುತ್ತಿದ್ದಾಗ ಅವನ ಅಧಿಕಾರಿ ಬೀಚಿರಾಜನು ರಟ್ಟಜಿನಾಲಯವನ್ನು ಕಟ್ಟಿಸಿದನು. ಶಕ 1127ರ ರಕ್ತಾಕ್ಷಿ ಸಂವತ್ಸರದ ಎರಡು ಶಾಸನಗಳು ಶುಭಚಂದ್ರ ಭಟ್ಟಾರಕರಿಗೆ ಸಂದ ದಾನಗಳನ್ನು ದಾಖಲಿಸಿವೆ. ರಾಜನ ಭೂದಾನವಷ್ಟೇ ಅಲ್ಲ, ಊರಿನ ವರ್ತಕ ಸಮುದಾಯಗಳು ವಹಿಸಿಕೊಂಡ ಆಯಗಳೂ ಅಲ್ಲಿವೆ. ಲಾಳ ದೇಶದ, ಎಂದರೆ ಗುಜರಾತಿನ ಕಡೆಯ ವ್ಯಾಪಾರಿಗಳು, ಮಲೆಯಾಳದ ವ್ಯಾಪಾರಿಗಳು, ಸ್ಥಳೀಯ ಕಸುಬುದಾರರು ಎಲ್ಲರೂ ತಮ್ಮ ತಮ್ಮ ಸರಕಿನ ಒಂದು ಪಾಲನ್ನು ಬಸದಿಗೆ ಬಿಟ್ಟರು. ಘಾಟಿನ ಮೇಲೂ ಕೆಳಗೂ ಸರಕು ಸಾಗಿಸುತ್ತಿದ್ದ ಒಂದು ಪೇಟೆಯ ಚಿತ್ರ ಇದು. ಪೂಜೆಗೂ ದುರಸ್ತಿಗೂ ಬೇಕಾದ ಹಣ ಆ ಪೇಟೆಯ ದಿನನಿತ್ಯದ ವಹಿವಾಟಿನಿಂದ ಬರುತ್ತಿತ್ತು. ಕಟ್ಟಡವು ಊರಿನ ಆರ್ಥಿಕ ಬದುಕಿಗೆ ಹೆಣೆದುಕೊಂಡಿತ್ತು. ಪೇಟೆ ಸೊರಗಿದರೆ ಬಸದಿಯೂ ಸೊರಗಬೇಕು ಎಂಬುದು ಆ ವ್ಯವಸ್ಥೆಯೊಳಗೇ ಅಡಗಿತ್ತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ರಟ್ಟರ ಪರಿಸರ ಅಪರಿಚಿತವಲ್ಲ. ಪಾರ್ಶ್ವನಾಥಪುರಾಣವನ್ನು ಬರೆದ ಪಾರ್ಶ್ವಪಂಡಿತನೂ ಪುಷ್ಪದಂತಪುರಾಣದ ಇಮ್ಮಡಿ ಗುಣವರ್ಮನೂ ಕಾರ್ತವೀರ್ಯನ ಕಾಲ ಹಾಗೂ ಆಶ್ರಯದ ಸುತ್ತಲಿನವರು. ಅವರ ಚಂಪೂಕಾವ್ಯಗಳಿಗೆ ಪೀಠಿಕೆ ಬರೆಯುವವರು ‘ರಾಜಾಶ್ರಯ’ ಎಂಬ ಒಂದು ಪದದಲ್ಲಿ ಆ ಕಾಲವನ್ನು ಮುಗಿಸುವುದುಂಟು. ಆಶ್ರಯ ರಾಜನೊಬ್ಬನದೇ ಆಗಿರಲಿಲ್ಲ, ಪೇಟೆಯ ಪಾಲೂ ಅದರಲ್ಲಿ ಇತ್ತು ಎಂಬುದಕ್ಕೆ ಈ ಶಾಸನ ಸಾಕ್ಷಿ. ಕವಿಯ ಓದುಗರು ಯಾರಾಗಿದ್ದರು ಎಂಬ ಪ್ರಶ್ನೆಗೆ ಇಲ್ಲಿಂದ ಹೊರಡುವುದು ಹೆಚ್ಚು ಫಲ ಕೊಟ್ಟೀತು. ಅದು ಬೇರೊಂದು ಲೇಖನದ ವಸ್ತು.

ಈ ಎರಡು ಶಾಸನಗಳು ಇಂದು ಬೆಳಗಾವಿಯಲ್ಲಿಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅಲ್ಲಿಯೇ ಪೌರಸ್ತ್ಯ ಗ್ರಂಥಗಳ ವಿಭಾಗದಲ್ಲಿದ್ದ ಎಲ್. ಡಿ. ಬಾರ್ನೆಟ್ ಅವುಗಳನ್ನು ಓದಿ, ‘ಎಪಿಗ್ರಾಫಿಯಾ ಇಂಡಿಕಾ’ದ 13ನೆಯ ಸಂಪುಟದಲ್ಲಿ ಪ್ರಕಟಿಸಿದರು. ಬಸದಿ ಹೇಗೆ ನಡೆಯಬೇಕು, ಯಾರು ಏನು ಕೊಡಬೇಕು ಎಂದು ಹೇಳುವ ಪತ್ರ ಒಂದು ಖಂಡದಲ್ಲಿ, ಬಸದಿ ಇನ್ನೊಂದು ಖಂಡದಲ್ಲಿ. ಮನೆಯಲ್ಲಿ ಇದ್ದವರ ಕೈಗೆ ಮನೆಯ ಕಾಗದಪತ್ರ ಸಿಗದ ಸ್ಥಿತಿ ಇದು.

ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಇದಕ್ಕೆ ನೇರ ವಿರುದ್ಧವಾದದ್ದು ನಡೆದಿದೆ. ಕದಂಬರ ಪಲಾಶಿಕೆ ಅದು. ಊರ ಹೊರಗೆ ಚಕ್ರತೀರ್ಥವೆಂಬ ಬಾವಿಯ ಸಮೀಪ ದೊರೆತ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ 1877ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಮೃಗೇಶವರ್ಮನು ತನ್ನ ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಪಂಥದ ಯತಿಗಳಿಗೆ ಭೂಮಿ ಬಿಟ್ಟನೆಂದು ಒಂದು ಪಟ ಹೇಳುತ್ತದೆ. ಅವನ ಮಗ ರವಿವರ್ಮನ ಕಾಲದ ಪಟದಲ್ಲಿ ಇನ್ನೂ ಖಚಿತವಾದ ಏರ್ಪಾಡು ಇದೆ: ವರ್ಷಕ್ಕೊಮ್ಮೆ ಕಾರ್ತಿಕದಲ್ಲಿ ಎಂಟು ದಿನಗಳ ಜಿನೋತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಊಟ ಸಲ್ಲಬೇಕು. ಖಾನಾಪುರದ ಕಾಡುಸೀಮೆಯ ಮಳೆಯನ್ನು ಬಲ್ಲವರಿಗೆ ಆ ನಾಲ್ಕು ತಿಂಗಳ ಮಾತಿನ ತೂಕ ತಿಳಿದೀತು. ಚಾತುರ್ಮಾಸ್ಯದಲ್ಲಿ ಸಂಚಾರ ಬಿಟ್ಟು ಒಂದೆಡೆ ನಿಲ್ಲುವವರಿಗೆ ಸೂರು ಮತ್ತು ಅನ್ನ ಎರಡೂ ಬೇಕಿತ್ತು. ಬಸದಿ ಎಂಬ ಪದದ ಮೂಲಾರ್ಥ ಇಲ್ಲಿ ಅಕ್ಷರಶಃ ಜೀವ ತಳೆಯುತ್ತದೆ. ಆ ಜಿನಾಲಯ ಮಾತ್ರ ಇಂದು ಗುರುತಿಗೆ ಸಿಗುವುದಿಲ್ಲ. ಹಲಸಿಯಲ್ಲಿ ಪತ್ರ ಉಳಿದು ಮನೆ ಹೋಯಿತು. ಬೆಳಗಾವಿಯಲ್ಲಿ ಮನೆ ಉಳಿದು ಪತ್ರ ಹೋಯಿತು.

ಬೆಳಗಾವಿಯ ಮನೆ ಉಳಿದದ್ದು ಹೇಗೆ? ರಟ್ಟರ ನಂತರ ಸೇವುಣರು, ಅವರ ನಂತರ ವಿಜಯನಗರ, ಬಹಮನಿ, ಆದಿಲ್‌ಶಾಹಿ, ಮರಾಠರು ಹೀಗೆ ಕೋಟೆ ಕೈಯಿಂದ ಕೈಗೆ ಹೋಯಿತು. 16ನೆಯ ಶತಮಾನದ ಸಫಾ ಮಸೀದಿಯಲ್ಲಿ ಹಳೆಯ ಕನ್ನಡ ಬರಹವುಳ್ಳ ಕಂಬಗಳಿವೆ. ಕಂಬಗಳೂ ಮನೆ ಬದಲಿಸುತ್ತವೆ. 1818ರಲ್ಲಿ ಥಾಮಸ್ ಮನ್ರೋ ಕೋಟೆಯನ್ನು ಗೆದ್ದ ಮೇಲೆ ಬೆಳಗಾವಿ ದಂಡಿನ ಊರಾಯಿತು, ಕೋಟೆ ಸೈನ್ಯದ ಆವರಣವಾಯಿತು. 19ನೆಯ ಶತಮಾನದ ಇಂಗ್ಲಿಷ್ ಬರಹಗಳು ಈ ಎರಡು ಬಸದಿಗಳನ್ನು ಹೆಸರಿಸುವಾಗ ಒಂದು ವಿಳಾಸ ಕೊಡುತ್ತವೆ: ಒಂದು ಕಮಿಸರಿಯಟ್ ಉಗ್ರಾಣದ ಅಂಗಳದೊಳಗೆ, ಇನ್ನೊಂದು ಅದರ ಹೊರಗೆ. ಕಮಿಸರಿಯಟ್ ಎಂದರೆ ದಂಡಿಗೆ ದವಸಧಾನ್ಯ ಒದಗಿಸುವ ಇಲಾಖೆ.

ಉಗ್ರಾಣ ಎಂಬ ಪದ ಕೇಳಿದೊಡನೆ ಮುಖ ಕಿವುಚುವುದು ಸಹಜ. ಜಿನಾಲಯವೆಲ್ಲಿ, ದಂಡಿನ ಚೀಲಗಳೆಲ್ಲಿ! ಧರ್ಮದ ಸ್ಥಳವನ್ನು ಅರಿಯದವರ ಕೈಗೆ ಸಿಕ್ಕ ದುರ್ದೈವವೆಂದು ಇದನ್ನು ಒಂದೇ ಸಾಲಿನಲ್ಲಿ ಮುಗಿಸಬಹುದು. ನೋವು ನಿಜವಾದದ್ದು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೂ ಆ ವಿಳಾಸವೇ ಒಂದು ದಾಖಲೆ. ಬೇಲಿಯೊಳಗೆ ಬಿದ್ದ ಕಟ್ಟಡದ ಕಲ್ಲನ್ನು ಊರಿನವರು ಮನೆಗೆ ಒಯ್ಯಲಾಗಲಿಲ್ಲ. ನಾಡಿನ ಎಷ್ಟೋ ಹಾಳು ಬಸದಿಗಳ ಕಂಬಗಳು ದನದ ಕೊಟ್ಟಿಗೆಗೂ ಬಾವಿಯ ಕಟ್ಟೆಗೂ ಸೇರಿಹೋದುದನ್ನು ನೆನೆದರೆ, ಕಾವಲಿನ ಅಂಗಳ ರಕ್ಷಣೆಯೂ ಆಗಿದ್ದಿರಬಹುದು ಎಂಬ ಊಹೆಗೆ ಅವಕಾಶವಿದೆ. ಶಾಸನಗಳ ಕೊನೆಯ ಶಾಪಾಶಯ ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂದು ಹೆದರಿಸುತ್ತದೆ. ಉಗ್ರಾಣ ಮಾಡಿದವನಿಗೆ ಎಷ್ಟು ವರ್ಷ ಎಂಬುದನ್ನು ಅದು ಹೇಳುವುದಿಲ್ಲ.

ಇದೇ ಪ್ರಶ್ನೆ ವಿಜಯಪುರದಲ್ಲಿ ಇನ್ನೂ ದೊಡ್ಡದಾಗಿ ಎದ್ದಿತ್ತು. 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಅಲ್ಲಿಗೆ ತಂದಾಗ ಕಚೇರಿಗಳಿಗೆ ಜಾಗ ಬೇಕಿತ್ತು. ಆದಿಲ್‌ಶಾಹಿ ಅರಮನೆಗಳು ಖಾಲಿಯಿದ್ದವು. ಮಹಲುಗಳಲ್ಲಿ ಕಚೇರಿಗಳೂ ಅಧಿಕಾರಿಗಳ ಬಿಡಾರಗಳೂ ನೆಲೆಗೊಂಡವು. ಒಂದು ಮಸೀದಿ ಅಂಚೆ ಕಚೇರಿಯಾಯಿತು, ಇನ್ನೊಂದು ಪ್ರವಾಸಿ ಬಂಗಲೆಯಾಯಿತು. ವೈಸ್‌ರಾಯ್ ಕರ್ಜನ್ ಇದನ್ನು ಕಂಡು ಸಿಡಿದರು. 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆಯ ಮಸೂದೆಯನ್ನು ಕುರಿತು ಮಾತನಾಡುವಾಗ, ಈ ಎರಡು ಮಸೀದಿಗಳಿಂದ ಅಂಚೆಯನ್ನೂ ಬಂಗಲೆಯನ್ನೂ ತೆರವು ಮಾಡಿಸಬೇಕಾಗಿ ಬಂದುದನ್ನು ಅವರು ಉದಾಹರಿಸಿದರು. ಆ ಕಾಯ್ದೆಯಿಂದ ಆದ ಒಳಿತು ಅಪಾರ. ಅದರ ಜೊತೆಗೆ ಒಂದು ಮನೋಭಾವವೂ ಬಂದಿತು: ಕಟ್ಟಡಕ್ಕೆ ಹುಟ್ಟಿದ ದಿನದ ರೂಪವೊಂದೇ ಸತ್ಯ, ಆಮೇಲಿನದೆಲ್ಲ ಕಳೆ, ಕಿತ್ತೆಸೆಯಬೇಕು. ಅಂಚೆ ಹೋದದ್ದು ಸರಿ. ಅಂಚೆ ಅಲ್ಲಿತ್ತು ಎಂಬ ನೆನಪೂ ಹೋಗಬೇಕಿರಲಿಲ್ಲ. ಗೋಲಗುಮ್ಮಟದ ನಗಾರಿಖಾನೆ ಇಂದು ವಸ್ತುಸಂಗ್ರಹಾಲಯ. ಅದೂ ಹೊಸ ಬಳಕೆಯೇ, ಯಾರೂ ಅದನ್ನು ಅಪಚಾರವೆನ್ನುವುದಿಲ್ಲ. ಹಾಗಾದರೆ ಯಾವ ಬಳಕೆ ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಬಳಕೆಯ ಗುಣದಿಂದ ಅಳೆಯಬೇಕೇ ಹೊರತು ಹೊಸದು ಎಂಬ ಕಾರಣದಿಂದಲ್ಲ.

ಜೈನ ತರ್ಕಕ್ಕೆ ಈ ವಿಷಯದಲ್ಲಿ ಹೇಳಲು ಏನಾದರೂ ಇದ್ದರೆ ಅದು ಸಮಂತಭದ್ರರ ಆಪ್ತಮೀಮಾಂಸೆಯಲ್ಲಿದೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡುತ್ತಾರೆ. ಕೊಡ ಬೇಕಿದ್ದವನು ದುಃಖಿಸುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಚಿನ್ನವಷ್ಟೇ ಬೇಕಿದ್ದವನು ಮಧ್ಯಸ್ಥನಾಗಿರುತ್ತಾನೆ. ಮೂವರ ಭಾವಕ್ಕೂ ಆಧಾರವಿದೆ. ಉತ್ಪಾದ, ವ್ಯಯ, ಧ್ರೌವ್ಯಗಳು ಒಂದೇ ವಸ್ತುವಿನಲ್ಲಿವೆ. ಪರಂಪರೆಯ ಕಟ್ಟಡಗಳ ಚರ್ಚೆಯಲ್ಲಿ ಮೊದಲ ಇಬ್ಬರ ದನಿ ಕೇಳುತ್ತದೆ, ಕಳೆದದ್ದಕ್ಕೆ ಅಳುವವನದು ಮತ್ತು ಹೊಸದಕ್ಕೆ ರಿಬ್ಬನ್ ಕತ್ತರಿಸುವವನದು. ಇತಿಹಾಸಕಾರ ಇರಬೇಕಾದದ್ದು ಮೂರನೆಯವನ ಜಾಗದಲ್ಲಿ. ಆದರೆ ಒಂದು ಎಚ್ಚರಿಕೆ ಬೇಕು: ಸಮಂತಭದ್ರರ ಮೂರನೆಯವನು ಉದಾಸೀನನಲ್ಲ. ಅವನಿಗೂ ಚಿನ್ನ ಬೇಕು. ಕೋಟೆಯೊಳಗಿನ ಕಲ್ಲಿಗೆ ಏನಾದರೂ ಆದರೆ ಅವನೂ ನೊಂದಾನು.

ಕೋಟೆಯಲ್ಲಿಯೇ ಇನ್ನೊಂದು ಮನೆಯ ಕಥೆ ಈ ಮಾತಿಗೆ ಮತ್ತೊಂದು ಮುಖ ಕೊಡುತ್ತದೆ. 1892ರ ಅಕ್ಟೋಬರ್ ತಿಂಗಳಲ್ಲಿ ಪರಿವ್ರಾಜಕರಾಗಿ ಬಂದ ಸ್ವಾಮಿ ವಿವೇಕಾನಂದರು ಬೆಳಗಾವಿಯಲ್ಲಿ ಮೊದಲು ಭಾಟೆ ಎಂಬ ವಕೀಲರ ಮನೆಯಲ್ಲಿ, ಆಮೇಲೆ ಅರಣ್ಯಾಧಿಕಾರಿ ಹರಿಪದ ಮಿತ್ರರ ಬಂಗಲೆಯಲ್ಲಿ ತಂಗಿದ್ದರು. ಮಿತ್ರರು ಬರೆದಿಟ್ಟ ನೆನಪುಗಳಿಂದ ಆ ದಿನಗಳ ಮಾತುಕತೆ ಉಳಿದು ಬಂದಿದೆ. ಕೋಟೆಯೊಳಗಿನ ಆ ಬಂಗಲೆ ಇಂದು ರಾಮಕೃಷ್ಣ ಆಶ್ರಮದ ಪಾಲನೆಯಲ್ಲಿ ಸ್ಮಾರಕವಾಗಿದೆ. ಸರ್ಕಾರಿ ಅಧಿಕಾರಿಯೊಬ್ಬನ ಬಿಡಾರ ಹತ್ತು ದಿನಕ್ಕೂ ಕಡಿಮೆಯ ವಾಸದಿಂದ ಪವಿತ್ರವಾಯಿತು. ಅದರಲ್ಲಿ ವರ್ಷಗಟ್ಟಲೆ ಬಾಳಿದವರೆಲ್ಲ ಆ ಕೆಲವು ದಿನಗಳ ಹಿಂದೆ ಮರೆಯಾದರು. ಇದು ದೂರಲ್ಲ; ಒಬ್ಬ ಅತಿಥಿ ಬರೆಸಿಕೊಂಡ, ಉಳಿದವರು ಬರೆಸಿಕೊಳ್ಳಲಿಲ್ಲ. ಬಸದಿಯದು ಇದಕ್ಕೆ ವಿಪರೀತ. ಅಲ್ಲಿ ನೂರಾರು ವರ್ಷ ಪೂಜೆ ನಡೆಯಿತು, ನಿಂತಿತು, ಮತ್ತೆ ಆರಂಭವಾಯಿತು. ಇಂದು ಕಮಲ ಬಸದಿಯಲ್ಲಿ ನೇಮಿನಾಥನಿಗೆ ಅರ್ಚನೆ ನಡೆಯುತ್ತಿದೆ. ಚಿಕ್ಕಿ ಬಸದಿ ಪೂಜೆಯಿಲ್ಲದೆ ನಿಂತಿದೆ. ಒಂದೇ ಆವರಣದಲ್ಲಿ ಒಂದು ಮನೆಯಲ್ಲಿ ದೀಪವಿದೆ, ಇನ್ನೊಂದರಲ್ಲಿ ಇಲ್ಲ. ಹಾಗೇಕಾಯಿತು ಎಂದು ಹೇಳುವ ಫಲಕವೊಂದು ಅಲ್ಲಿರಬೇಕಾದದ್ದು ನ್ಯಾಯ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಲಂಡನ್ನಿನ ಎರಡು ಕಲ್ಲುಗಳನ್ನು ಮರಳಿ ತರುವ ಮಾತು ಆಗಾಗ ಕೇಳಿಬರುವಂಥದು. ಅದು ಸರ್ಕಾರಗಳ ನಡುವಿನ ವ್ಯವಹಾರ, ಆಗುವಾಗ ಆಗಲಿ. ಅಚ್ಚು ಅಥವಾ ಪಡಿಯಚ್ಚನ್ನು ಮಾಡಿಸಿ ಬೆಳಗಾವಿಯಲ್ಲಿ ನಿಲ್ಲಿಸುವುದಕ್ಕೆ ಅಷ್ಟು ಕಾಯಬೇಕಿಲ್ಲ. ಪಾಠ ಮುದ್ರಣದಲ್ಲಿದೆ. ಹಳಗನ್ನಡದ ಪಾಠ, ಅದರ ಕೆಳಗೆ ಹೊಸಗನ್ನಡದ ಸಾರ, ವರ್ತಕರ ಆಯಗಳ ಪಟ್ಟಿಯ ಪೂರ್ಣ ಅನುವಾದ ಇಷ್ಟಿದ್ದರೆ ಸಾಕು. ಜೊತೆಗೆ ಕ್ರಮವಾಗಿ ಒಡೆಯರ ಹೆಸರೂ ಬಳಕೆಯ ಹೆಸರೂ ಬರಲಿ: ಜಿನಾಲಯ, ದಂಡಿನ ಅಂಗಳ, ಸಂರಕ್ಷಿತ ಸ್ಮಾರಕ, ಮತ್ತೆ ಜಿನಾಲಯ. ಉಗ್ರಾಣದ ವರ್ಷಗಳನ್ನು ಮುಚ್ಚಿಡುವ ಅಗತ್ಯವಿಲ್ಲ. ಸಂಶೋಧನಾ ವಿದ್ಯಾರ್ಥಿಗಳು ಶಾಸನ ಸಂಪುಟಗಳಷ್ಟೇ ಶ್ರದ್ಧೆಯಿಂದ ಗೆಜೆಟಿಯರು, ದಂಡಿನ ಕಡತ, ಹಳೆಯ ಪ್ರವಾಸಿ ಕೈಪಿಡಿಗಳನ್ನು ಓದಿದರೆ ಆ ಪಟ್ಟಿಯ ನಡುವಿನ ಖಾಲಿ ಜಾಗಗಳು ತುಂಬುತ್ತವೆ. ಆ ಕಾಗದಗಳು ಇಂಗ್ಲಿಷಿನಲ್ಲಿವೆ, ಕೆಲವು ಮೋಡಿಯಲ್ಲಿರುತ್ತವೆ. ಹಳಗನ್ನಡ ಬಲ್ಲವರಿಗೆ ಅವು ಒಗ್ಗದ ಆಹಾರ. ಬೆಳಗಾವಿಯಂಥ ಗಡಿಯೂರಿನಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಓದಬಲ್ಲ ವಿದ್ಯಾರ್ಥಿಗಳು ಬೇರೆಡೆಗಿಂತ ಹೆಚ್ಚು ಸಿಗುತ್ತಾರೆ. ಈ ಕೆಲಸಕ್ಕೆ ತಕ್ಕ ಕೈಗಳು ಅವರವು.

ಪ್ರತಿಶಾಸನವನ್ನು ಎಲ್ಲಿ ನಿಲ್ಲಿಸಬೇಕು ಎಂಬುದೊಂದು ಮಾತ್ರ ಚರ್ಚೆಗೆ ಯೋಗ್ಯವಾದ ಪ್ರಶ್ನೆ. ಮುಖಮಂಟಪದ ಛತ್ತಿನಲ್ಲಿ ಇಳಿಬಿದ್ದ ಕಮಲದ 72 ದಳಗಳು ಭೂತ, ವರ್ತಮಾನ, ಭವಿಷ್ಯತ್ ಕಾಲಗಳ ತಲಾ 24 ತೀರ್ಥಂಕರರನ್ನು ಸೂಚಿಸುತ್ತವೆ ಎಂಬ ವಿವರಣೆ ಪ್ರಚಲಿತವಾಗಿದೆ. ನೋಡಬಂದವರೆಲ್ಲ ಅಲ್ಲಿ ತಲೆಯೆತ್ತಿ ನಿಲ್ಲುತ್ತಾರೆ. ಕಲ್ಲನ್ನು ಅದರ ಕೆಳಗೆ ಇಡುವುದು ಸರಿಯಲ್ಲ, ಪೂಜೆಗೆ ಬರುವವರ ದಾರಿಗೆ ಅಡ್ಡವಾಗುತ್ತದೆ. ಹೊರಗಿನ ಅಂಗಳದಲ್ಲಿ, ಚಿಕ್ಕಿ ಬಸದಿಗೆ ಮುಖ ಮಾಡಿ ನಿಲ್ಲಿಸಿದರೆ, ದೀಪವಿರುವ ಮನೆಗೂ ಇಲ್ಲದ ಮನೆಗೂ ನಡುವೆ ಅದು ಇರುತ್ತದೆ. ಕಮಿಸರಿಯಟ್ಟಿನ ಬಂಡಿಗಳು ಓಡಾಡಿದ ನೆಲವೂ ಅದೇ.